ಹಿಂದಿನ ಸಣ್ಣ ಗೇಟು

ಮದ್ಯದಂಗಡಿಗಳ ನಿಯಮ ಮತ್ತೆ ಬದಲಾಗುತ್ತದಂತೆ. ಯಾರೂ ನಡೆಸದೆ ಸುಮ್ಮನೆ ಬಿದ್ದಿರುವ ಸನ್ನದುಗಳನ್ನು ಸರ್ಕಾರ ಹರಾಜು ಹಾಕುತ್ತದಂತೆ. ಮೊನ್ನೆ ಶಿವಮೊಗ್ಗದ ಆಲ್ಕೊಳದಲ್ಲಿ ನಮ್ಮ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಆ ಸುದ್ದಿಯನ್ನು ಎರಡೆರಡು ಸಲ ಓದುತ್ತಿದ್ದೆ. ಪಕ್ಕದ ಮನೆಯ ನಿವೃತ್ತ ಬ್ಯಾಂಕಿನವರು ಗೋಡೆಯ ಮೇಲಿಂದ ಇಣುಕಿ, ಏನು ಮೇಡಂ, ನೀವೂ ಒಂದು ಕೂಗ್ತೀರಾ ಹೇಗೆ ಎಂದು ತಮಾಷೆ ಮಾಡಿದರು. ನನಗೆ ನಗು ಬರಲಿಲ್ಲ. ಪೇಪರು ಮಡಚಿ ಒಳಗೆ ಹೋದೆ. ಪಾಪ, ಅವರಿಗೇನು ಗೊತ್ತು.

ಆ ನಿಯಮಗಳಲ್ಲಿ ಒಂದು ಮಾತ್ರ ನನಗೆ ಬಾಯಿಪಾಠ. ಶಾಲೆಯಿಂದ ನೂರು ಮೀಟರಿನೊಳಗೆ ಅಂಗಡಿ ಇರಬಾರದು ಎಂಬುದು ಎಲ್ಲರಿಗೂ ಗೊತ್ತು. ಆ ನೂರು ಮೀಟರನ್ನು ಹೇಗೆ ಅಳೆಯುತ್ತಾರೆ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆಯುವುದಲ್ಲ. ಅಂಗಡಿ ಬಾಗಿಲಿನ ನಡುವಿನಿಂದ ಶಾಲೆ ಗೇಟಿನ ನಡುವಿನವರೆಗೆ, ಜನ ಸಾಮಾನ್ಯವಾಗಿ ನಡೆದು ಹೋಗುವ ಹತ್ತಿರದ ದಾರಿಯಲ್ಲಿ ಟೇಪು ಹಿಡಿಯಬೇಕು. ಇದು ನನಗೆ ಗೊತ್ತಾಗುವ ಹೊತ್ತಿಗೆ ಮಾಡಬಾರದ್ದನ್ನೆಲ್ಲ ನಾನೇ ಮಾಡಿ ಮುಗಿಸಿದ್ದೆ.

ಕೆಲಸದ ಕೊನೆಯ ವರ್ಷಗಳಲ್ಲಿ ನಾನು ಭದ್ರಾವತಿಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿದ್ದೆ. ನ್ಯೂ ಟೌನಿನ ಆಚೆ, ಕಾರ್ಖಾನೆಯ ಕಾಂಟ್ರ್ಯಾಕ್ಟ್ ಕೆಲಸದವರು, ಹಮಾಲರು, ಮನೆಗೆಲಸದವರು ಇರುವ ಬೀದಿಯಲ್ಲಿ ಒಂದು ಸರ್ಕಾರಿ ಶಾಲೆ. ದಿನಾ ಬೆಳಿಗ್ಗೆ ಶಿವಮೊಗ್ಗದಿಂದ ಬಸ್ಸು ಹಿಡಿದು ಹೋಗುತ್ತಿದ್ದೆ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಮಾತಾಡುವ ಮಕ್ಕಳು ಶಾಲೆಗೆ ಬಂದು ನನ್ನಿಂದ ಕನ್ನಡದಲ್ಲಿ ಬೈಸಿಕೊಳ್ಳುತ್ತಿದ್ದರು. ನಾನು ಬೈಯುವ ಹೆಂಗಸೇ. ಮೂಗಿನ ತುದಿಯಲ್ಲಿ ಸಿಟ್ಟು ಎಂದು ನಮ್ಮಮ್ಮ ಹೇಳುತ್ತಿದ್ದದ್ದು ಸುಳ್ಳಲ್ಲ. ಆದರೆ ಕಾಗದಪತ್ರದಲ್ಲಿ ಮಾತ್ರ ನಾನು ಬಹಳ ಅಚ್ಚುಕಟ್ಟು. ನನ್ನ ಅಕ್ಷರ ಚೆನ್ನಾಗಿದೆ ಎಂದು ಮೇಲಿನ ಆಫೀಸಿನವರೂ ಹೊಗಳುತ್ತಿದ್ದರು. ಆ ಹೊಗಳಿಕೆ ನನಗೆ ಖುಷಿಯನ್ನೂ ಕೊಡುತ್ತಿತ್ತು.

ಆ ಶಾಲೆಗೆ ಸರಿಯಾದ ಕಾಂಪೌಂಡು ಇರಲಿಲ್ಲ. ಮುಂದುಗಡೆ ರಸ್ತೆಗೆ ಬಾಗಿಲಿಲ್ಲದ ಎರಡು ಕಂಬ, ಹಿಂದುಗಡೆ ಓಣಿಗೆ ಒಂದು ಸಣ್ಣ ಕಬ್ಬಿಣದ ಗೇಟು, ನಡುವೆ ಅಲ್ಲಲ್ಲಿ ಕುಸಿದ ಗೋಡೆ. ಭಾನುವಾರ ಬಂತೆಂದರೆ ಹೆದ್ದಾರಿಯ ಅಂಗಡಿಗಳಿಂದ ಬಾಟಲಿ ತಂದು ನಮ್ಮ ಜಗುಲಿಯಲ್ಲೇ ಕೂರುವವರಿದ್ದರು. ಸೋಮವಾರ ಪ್ರಾರ್ಥನೆಗೆ ಮೊದಲು ಟೀಚರುಗಳೆಲ್ಲ ಸೊಂಟಕ್ಕೆ ಸೆರಗು ಸಿಕ್ಕಿಸಿ ಗಾಜಿನ ಚೂರು ಆರಿಸುವುದು ನಮ್ಮ ಮೊದಲ ಪಿರಿಯಡ್ಡು. ಒಂದು ಕಾಂಪೌಂಡು ಕಟ್ಟಿಸಿಕೊಡಿ ಎಂದು ನಾನು ಬರೆದ ಅರ್ಜಿಗಳ ನಕಲನ್ನೆಲ್ಲ ಒಂದೇ ಫೈಲಿನಲ್ಲಿ ಇಟ್ಟಿದ್ದೆ, ಅದು ತಲೆದಿಂಬಿನಷ್ಟು ದಪ್ಪವಾಗಿತ್ತು.

ಬಿಸಿಯೂಟದ ಅಡುಗೆಯವಳ ಮನೆ ಆ ಹಿಂದಿನ ಓಣಿಯಲ್ಲೇ ಇತ್ತು. ನನಗಿಂತ ಹತ್ತು ವರ್ಷಕ್ಕೆ ಚಿಕ್ಕವಳು, ಗಟ್ಟಿ ಮೈ, ಕಡಿಮೆ ಮಾತು. ಅವಳ ಗಂಡ ಕಾರ್ಖಾನೆಯಲ್ಲಿ ಕಾಂಟ್ರ್ಯಾಕ್ಟ್ ಕೂಲಿ ಮಾಡುತ್ತಿದ್ದವನು, ಕೆಲಸ ನಿಂತ ಮೇಲೆ ಮಾರ್ಕೆಟ್ಟಿನಲ್ಲಿ ಹಮಾಲಿಗೆ ಬಿದ್ದ. ಮೊದಲು ಸಾರಾಯಿ ಕುಡಿಯುತ್ತಿದ್ದನಂತೆ. ಸರ್ಕಾರ ಸಾರಾಯಿ ನಿಲ್ಲಿಸಿದಾಗ ಇವಳು ಮಾರಿಯಮ್ಮನಿಗೆ ಹಣ್ಣುಕಾಯಿ ಮಾಡಿಸಿ ಬಂದಳಂತೆ. ಒಂದೇ ತಿಂಗಳಲ್ಲಿ ಅವನು ವಿಸ್ಕಿಗೆ ಹಾರಿದ. ಕೊನೆಗೆ ಆಯನೂರಿನ ಹತ್ತಿರ ನಡೆದ ಮದ್ಯವರ್ಜನ ಶಿಬಿರಕ್ಕೆ ಎಳೆದುಕೊಂಡು ಹೋಗಿ ಬಿಟ್ಟಳು. ಅಲ್ಲಿಂದ ಬಂದವನು ಮತ್ತೆ ಮುಟ್ಟಿರಲಿಲ್ಲ. ನಾನು ಆ ಶಾಲೆಗೆ ಹೋಗುವಾಗ ಅದಾಗಿ ಎರಡು ವರ್ಷವಾಗಿತ್ತು.

ಅವನನ್ನು ಅವಳು ಹೇಗೆ ಕಾಪಾಡಿಕೊಂಡಿದ್ದಳು ಎಂಬುದು ನನಗೆ ನಿಧಾನಕ್ಕೆ ತಿಳಿಯಿತು. ಅವಳ ಲೆಕ್ಕವೆಲ್ಲ ದಾರಿಯದ್ದು. ಓಣಿಗೆ ಎರಡು ತುದಿ. ಒಂದು ತುದಿ ಹೆದ್ದಾರಿಗೆ ಸೇರುತ್ತಿತ್ತು, ಅಲ್ಲಿ ಸಾಲಾಗಿ ಅಂಗಡಿಗಳು. ಇನ್ನೊಂದು ತುದಿ ನಮ್ಮ ಶಾಲೆಯ ಮೂಲೆ ಸುತ್ತಿ ನ್ಯೂ ಟೌನಿನ ಕಡೆಗೆ ಹೋಗುತ್ತಿತ್ತು, ಅಲ್ಲಿ ಒಂದೂ ಅಂಗಡಿ ಇರಲಿಲ್ಲ. ಗಂಡ ಮನೆಯಿಂದ ಹೊರಟರೆ ಶಾಲೆಯ ಕಡೆಗೇ ಹೊರಡಬೇಕು ಎಂಬುದು ಅವಳ ಕಟ್ಟಪ್ಪಣೆ. ಮಾರ್ಕೆಟ್ಟಿಗೆ ಆ ದಾರಿ ಸುತ್ತು ಎಂದರೂ ಕೇಳುತ್ತಿರಲಿಲ್ಲ. ಬೆಳಿಗ್ಗೆ ಅವನು ಬಿಸಿಯೂಟದ ತರಕಾರಿಯ ಬುಟ್ಟಿ ಹೊತ್ತು ಬಂದು ಆ ಸಣ್ಣ ಗೇಟಿನಿಂದ ಒಳಗೆ ಇಳಿಸಿ ಹೋಗುತ್ತಿದ್ದ. ಆಟೋದಲ್ಲಿ ತರಿಸಿದರೆ ಆಗಲ್ವಾ ಎಂದು ಒಮ್ಮೆ ನಾನೇ ಕೇಳಿದೆ. ಅವನು ತಲೆ ತಗ್ಗಿಸಿಕೊಂಡು ಹೇಳಿದ್ದು ಇಷ್ಟು:

"ತಲೆ ಮೇಲೆ ಭಾರ ಇದ್ರೆ ಕಾಲು ನಿಲ್ಲಲ್ಲ ಮೇಡಂ. ಬರಿಗೈ ಆದ್ರೇನೇ ಕಷ್ಟ."

ಆಮೇಲೆ ಹೆದ್ದಾರಿಯ ಪಕ್ಕದ ಮದ್ಯದಂಗಡಿಗಳೆಲ್ಲ ದೂರ ಹೋಗಬೇಕೆಂಬ ಆದೇಶ ಬಂತು. ಅಪಘಾತ ಹೆಚ್ಚುತ್ತಿವೆ ಎಂದು ದೇಶಕ್ಕೆಲ್ಲ ಅನ್ವಯಿಸಿದ ಆದೇಶ. ಅಡುಗೆಯವಳ ಮುಖದಲ್ಲಿ ನಾನು ನಗು ನೋಡಿದ್ದು ಆ ವಾರದಲ್ಲೇ. ಇನ್ನು ಎರಡೂ ತುದಿ ಸಲೀಸು ಮೇಡಂ ಎಂದು ಪಾಯಸ ಮಾಡಿ ಟೀಚರುಗಳಿಗೆಲ್ಲ ಬಡಿಸಿದಳು. ನಾನೂ ಎರಡು ಸಲ ಹಾಕಿಸಿಕೊಂಡು ತಿಂದೆ. ಹೆದ್ದಾರಿಯಿಂದ ಎದ್ದ ಅಂಗಡಿ ಎಲ್ಲಿಗೋ ಒಂದು ಕಡೆ ಹೋಗಿ ಕೂರಲೇಬೇಕಲ್ಲ ಎಂಬುದು ನಮ್ಮಿಬ್ಬರ ತಲೆಗೂ ಹೊಳೆಯಲಿಲ್ಲ.

ಅದೇ ದಿನಗಳಲ್ಲಿ ಒಬ್ಬರು ದಾನಿ ಶಾಲೆಗೆ ಬಂದರು. ಬಿಳಿ ಅಂಗಿ, ಹಣೆಗೆ ಕುಂಕುಮ, ಬಹಳ ಮರ್ಯಾದೆಯ ಮಾತು. ಹಿಂದಿನ ಓಣಿಯಲ್ಲಿ ಹಾಳುಬಿದ್ದಿದ್ದ ಹಳೇ ಶೆಡ್ಡನ್ನು ಕೊಂಡಿದ್ದಾರಂತೆ, ಗೋಡೌನ್ ಮಾಡುತ್ತಾರಂತೆ, ಪಕ್ಕದಲ್ಲೇ ಸರಸ್ವತಿ ಇದ್ದಾಳೆ, ಅವಳಿಗೇನಾದರೂ ಮಾಡಬೇಕು ಎಂದರು. ಕಾಂಪೌಂಡು ಎಂದೆ. ಪೂರ್ತಿ ಕಟ್ಟಿಸಿಕೊಡುತ್ತೇನೆ, ಮುಂದೆ ಕಮಾನಿನ ಗೇಟು ಹಾಕಿಸುತ್ತೇನೆ ಎಂದರು. ನನ್ನ ಕಣ್ಣಲ್ಲಿ ನೀರು ಬಂದದ್ದು ಸತ್ಯ. ಒಂದೇ ಒಂದು ಕೋರಿಕೆ ಇತ್ತು ಅವರದು. ಹಿಂದಿನ ಸಣ್ಣ ಗೇಟು ವಾಸ್ತುವಿಗೆ ಸರಿಯಿಲ್ಲ, ಮಕ್ಕಳ ಭದ್ರತೆಗೂ ಒಳ್ಳೆಯದಲ್ಲ, ಅದನ್ನು ಮುಚ್ಚಿಬಿಡೋಣ ಎಂದರು. ವಾಸ್ತು ಎಂದಾಗ ನನಗೆ ಒಳಗೇ ನಗು. ಭದ್ರತೆ ಎಂದಾಗ ಒಪ್ಪಿದೆ. ಶಾಲಾ ಸಮಿತಿಯವರೂ ಕೈ ಎತ್ತಿದರು.

ಬೇಡ ಎಂದವಳು ಅಡುಗೆಯವಳೊಬ್ಬಳೇ. ಕೋಣೆಯ ಬಾಗಿಲಲ್ಲಿ ನಿಂತು, ಕೈಯನ್ನು ಸೆರಗಿಗೆ ಒರೆಸುತ್ತಾ, ಆ ಗೇಟು ಒಂದು ಇರಲಿ ಮೇಡಂ, ನಮ್ಮವರು ಅಲ್ಲೇ ಬುಟ್ಟಿ ಇಳಿಸೋದು, ನಾನು ಒಲೆ ಮುಂದಿಂದಾನೇ ಅವರನ್ನ ನೋಡ್ತೀನಿ ಎಂದಳು. ಅಷ್ಟು ವರ್ಷ ಬೇಡಿದ ಗೋಡೆ ಕೈಗೆ ಬರುವಾಗ ಇವಳದೊಂದು ರಾಗ ಎಂದು ನನಗೆ ರೇಗಿತು.

"ಎರಡು ಹೆಜ್ಜೆ ಜಾಸ್ತಿ ನಡೆದ್ರೆ ಕಾಲೇನು ಸವೆದುಹೋಗುತ್ತಾ ನಿಮಗೆ?" ಎಂದೆ.

ಅವಳು ಇಲ್ಲ ಮೇಡಂ ಎಂದು ಒಲೆಯ ಕಡೆ ಹೋದಳು.

ಗೋಡೆ ಎದ್ದಿತು. ಸಣ್ಣ ಗೇಟು ಕಿತ್ತು ಆ ಜಾಗಕ್ಕೆ ಇಟ್ಟಿಗೆ ತುಂಬಿ ಗಾರೆ ಮಾಡಿದರು. ಉದ್ಘಾಟನೆಯ ದಿನ ನಾನೇ ದಾನಿಗಳಿಗೆ ಶಾಲು ಹೊದಿಸಿ, ಹಾರ ಹಾಕಿ, ಫಲತಾಂಬೂಲ ಕೊಟ್ಟು, ಇಂಥವರು ಊರಿಗೊಬ್ಬರು ಇರಬೇಕು ಎಂದು ಮೈಕಿನಲ್ಲಿ ಮಾತಾಡಿದೆ. ಕಾರ್ಯಕ್ರಮ ಮುಗಿದ ಮೇಲೆ ಅವರು ಒಂದು ಪತ್ರ ಕೇಳಿದರು, ದಾನ ಕೊಟ್ಟದ್ದಕ್ಕೆ ದಾಖಲೆ ಬೇಕು ಎಂದರು. ಹಿಂದಿನ ಗೇಟನ್ನು ಶಾಶ್ವತವಾಗಿ ಮುಚ್ಚಲಾಗಿದೆ, ಮುಂದಿನ ಗೇಟೇ ಶಾಲೆಯ ಏಕೈಕ ದ್ವಾರ ಎಂಬ ಒಂದು ಸಾಲು ಸೇರಿಸಿ ಅಂದರು. ಸೇರಿಸಿದೆ. ದುಂಡಗಿನ ಅಕ್ಷರದಲ್ಲಿ ಬರೆದು, ಸಹಿ ಮಾಡಿ, ಗುಂಡು ಮೊಹರು ಒತ್ತಿ ಕೊಟ್ಟೆ. ಏಕೆ ಆ ಸಾಲು ಎಂದು ಕೇಳಬೇಕು ಅನ್ನಿಸಲೇ ಇಲ್ಲ ನನಗೆ.

ತಿಂಗಳೊಳಗೆ ಒಂದು ಮಧ್ಯಾಹ್ನ, ಮಕ್ಕಳು ಊಟಕ್ಕೆ ಕೂತಿದ್ದಾಗ, ಓಣಿಯಲ್ಲಿ ಟೇಪು ಹಿಡಿದವರು ಕಾಣಿಸಿದರು. ಅಬಕಾರಿ ಇಲಾಖೆಯವರು. ಒಬ್ಬ ಶೆಡ್ಡಿನ ಬಾಗಿಲಲ್ಲಿ ಕೂತು ಟೇಪಿನ ತುದಿ ಒತ್ತಿಹಿಡಿದಿದ್ದ. ಇನ್ನೊಬ್ಬ ನಮ್ಮ ಹೊಸ ಗೋಡೆಯ ಗುಂಟ ನಡೆದು ಬಂದು, ಮುಚ್ಚಿದ ಗೇಟಿನ ಜಾಗವನ್ನು ದಾಟಿ, ಮೂಲೆ ಸುತ್ತಿ, ಕಮಾನಿನ ಗೇಟಿನ ನಡುವಿಗೆ ತಂದು ನಿಲ್ಲಿಸಿದ. ಟೇಪು ಸಾಲದೆ ನಡುವೆ ನಡುವೆ ಸುಣ್ಣದ ಗುರುತು ಹಾಕಿಕೊಂಡು ಬಂದರು. ನೂರಾ ಏಳು ಮೀಟರು ಎಂದು ಬರೆದುಕೊಂಡರು. ಹೆದ್ದಾರಿಯಿಂದ ಎದ್ದ ಒಂದು ಅಂಗಡಿಯ ಸನ್ನದನ್ನು ಆ ಶೆಡ್ಡಿಗೆ ವರ್ಗ ಮಾಡಲು ಅರ್ಜಿ ಬಂದಿದೆ ಎಂದು ಅವರ ಬಾಯಿಂದಲೇ ಗೊತ್ತಾಯಿತು. ಅರ್ಜಿ ಹಾಕಿದವರು ನಮ್ಮ ದಾನಿಗಳು.

ನಾನು ಊಟದ ಕೈಯಲ್ಲೇ ಓಡಿದೆ. ಹೋದ ತಿಂಗಳವರೆಗೆ ಹಿಂದುಗಡೆ ಓಣಿಗೇ ಗೇಟು ಇತ್ತು, ಅಲ್ಲಿಂದ ಅಳೆದರೆ ನಲವತ್ತೂ ಆಗುವುದಿಲ್ಲ, ಮಕ್ಕಳಿಗೆಲ್ಲ ಗೊತ್ತು, ಬೇಕಾದರೆ ಕೇಳಿ ಎಂದು ಬೀದಿಯಲ್ಲಿ ನಿಂತು ಕೂಗಾಡಿದೆ. ಆ ಅಧಿಕಾರಿ ಸಿಟ್ಟಾಗಲಿಲ್ಲ. ಜನ ನಡೆಯುವ ದಾರಿಯಲ್ಲೇ ಅಳೆಯಬೇಕು ಮೇಡಂ, ಗೋಡೆ ಹಾರಿ ಅಳೆಯುವ ಹಾಗಿಲ್ಲ ಎಂದು ನಿಯಮ ಓದಿ ಹೇಳಿದ. ಆಮೇಲೆ ಫೈಲು ತೆರೆದು ಒಂದು ಹಾಳೆ ತೋರಿಸಿದ.

"ಇದು ನಿಮ್ಮ ಅಕ್ಷರಾನೇ ಅಲ್ವಾ?" ಎಂದ.

ನನ್ನದೇ. ಹಿಂದೆ ತಿರುಗಿ ನೋಡಿದೆ. ಅಡುಗೆಯವಳು ಸೌಟು ಹಿಡಿದುಕೊಂಡೇ ಕಮಾನಿನ ಗೇಟಿನ ಹತ್ತಿರ ನಿಂತಿದ್ದಳು. ನೀವೇ ಬರೆದುಕೊಟ್ಟಿದ್ದಾ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಮಾರನೆಯ ದಿನ ಅವಳನ್ನು ಕರೆದುಕೊಂಡು ಶಿವಮೊಗ್ಗದ ಅಬಕಾರಿ ಕಚೇರಿಗೆ ಹೋದೆ. ತಕರಾರು ಅರ್ಜಿ ಕೊಟ್ಟೆ. ಅಲ್ಲಿದ್ದ ಹಿರಿಯ ಅಧಿಕಾರಿಣಿ ಎಲ್ಲವನ್ನೂ ಕೇಳಿಸಿಕೊಂಡು, ಬಾಗಿಲ ಕಡೆ ಒಮ್ಮೆ ನೋಡಿ, ಮೆಲ್ಲಗೆ ಒಂದು ಮಾತು ಹೇಳಿದರು. ವರ್ಗಾವಣೆಯ ಆದೇಶಕ್ಕೆ ಇನ್ನೂ ಸಹಿ ಬಿದ್ದಿಲ್ಲ. ಸಹಿ ಬೀಳುವುದರೊಳಗೆ ಆ ಹಿಂದಿನ ಗೇಟು ಮತ್ತೆ ತೆರೆದಿದ್ದರೆ ಇನ್ನೊಮ್ಮೆ ಅಳತೆ ಮಾಡಿಸುತ್ತೇವೆ. ಅಂಗಡಿ ಬಂದು ಕೂತ ಮೇಲೆ ಗೇಟು ಇಟ್ಟರೆ ಅದು ಲೆಕ್ಕಕ್ಕೆ ಬರುವುದಿಲ್ಲ.

ಹಿಂದಿರುಗುವಾಗ ಬಸ್ಸಿನಲ್ಲಿ ಅಡುಗೆಯವಳು ಕಿಟಕಿಯ ಪಕ್ಕ ಕೂತಿದ್ದಳು. ಊರು ದಾಟಿದ ಮೇಲೆ ನನ್ನ ಕಡೆ ತಿರುಗಿದಳು.

"ನಮ್ಮನೇಲಿ ಹಾರೆ ಇದೆ ಮೇಡಂ. ನಮ್ಮವರೇ ಒಡೀತೀನಿ ಅಂದಿದಾರೆ. ನಾಳೆ ಪ್ರೇಯರ್ ಒಳಗೆ ಮುಗಿಸ್ತೀವಿ. ನೀವು ಹ್ಞೂಂ ಅಂದ್ರೆ ಸಾಕು."

ಒಂದು ಹ್ಞೂಂ. ಅದಕ್ಕೆ ಏನು ಖರ್ಚಿತ್ತು ನನಗೆ? ಆದರೆ ನಾನು ಅನ್ನಲಿಲ್ಲ. ಅದು ಈಗ ಸರ್ಕಾರದ ಗೋಡೆ, ಹಾಗೆಲ್ಲ ಒಡೆಯುವ ಹಾಗಿಲ್ಲ, ಮೊದಲು ಮೇಲಿನವರ ಅನುಮತಿ ತಗೊಳ್ಳೋಣ, ನಾನು ನಾಳೆಯೇ ಬರೆಯುತ್ತೇನೆ ಎಂದೆ. ನಿಯಮ ನಿಯಮ ಎಂದು ಬಾಯಲ್ಲಿ ಹೇಳಿದರೂ ಒಳಗೆ ಇದ್ದದ್ದು ಹೆದರಿಕೆ. ನಿವೃತ್ತಿಗೆ ನಾಲ್ಕೇ ವರ್ಷ ಇತ್ತು. ಇಲಾಖಾ ವಿಚಾರಣೆ, ಪೆನ್ಷನ್ನಿಗೆ ತಡೆ, ಇವೆಲ್ಲ ಕಣ್ಣ ಮುಂದೆ ಬಂದವು. ಮಕ್ಕಳ ಕಿವಿ ಹಿಂಡುವಾಗ ಇದ್ದ ಧೈರ್ಯ ಆ ಬಸ್ಸಿನಲ್ಲಿ ಎಲ್ಲಿ ಹೋಗಿತ್ತೋ. ಅವಳು ಸರಿ ಮೇಡಂ ಎಂದು ಮತ್ತೆ ಕಿಟಕಿಯ ಕಡೆ ತಿರುಗಿದಳು.

ಅರ್ಜಿ ಬರೆದೆ, ಎಂದಿನಂತೆ ದುಂಡಗೆ. ಅದು ಒಂದು ಆಫೀಸಿನಿಂದ ಇನ್ನೊಂದಕ್ಕೆ ಹೋಯಿತು, ನಕ್ಷೆ ಬೇಕೆಂದು ವಾಪಸ್ಸು ಬಂತು, ಸಮಿತಿಯ ಠರಾವು ಬೇಕೆಂದು ಮತ್ತೆ ಬಂತು. ಗೋಡೆ ಕಟ್ಟಿಸಿದವರ ವಿರುದ್ಧ ಠರಾವು ಮಾಡಲು ಸಮಿತಿಯವರಿಗೆ ಮನಸ್ಸಿಲ್ಲ. ನಾನು ಟೇಬಲ್ಲಿನಿಂದ ಟೇಬಲ್ಲಿಗೆ ಅಲೆಯುತ್ತಿದ್ದಾಗ ಒಂದು ದಿನ ಶೆಡ್ಡಿನ ಮುಂದೆ ಮಾವಿನ ತೋರಣ ಕಟ್ಟಿ, ಕುಂಬಳಕಾಯಿ ಒಡೆದು, ಅಂಗಡಿ ತೆರೆದರು.

ಆಮೇಲೆ ಕೆಲವು ತಿಂಗಳು ಅಡುಗೆಯವಳು ಗಂಡನನ್ನು ಹೆದ್ದಾರಿಯ ತುದಿಯಿಂದ ಕಳಿಸಿದಳು. ಅಲ್ಲಿ ಅಂಗಡಿಗಳಿಗೆ ಬೀಗ ಬಿದ್ದಿತ್ತಲ್ಲ. ಅವನು ಬುಟ್ಟಿ ಹೊತ್ತು ಅಷ್ಟು ದೂರ ಸುತ್ತಿ ಮುಂದಿನ ಗೇಟಿನಿಂದ ಬರುತ್ತಿದ್ದ, ಬೆವರಿಗೆ ಅಂಗಿ ಮೈಗೆ ಅಂಟಿರುತ್ತಿತ್ತು. ಅಷ್ಟರಲ್ಲಿ ಪೇಟೆಯ ಮಿತಿಯೊಳಗಿನ ಹೆದ್ದಾರಿಗೆ ಆ ಆದೇಶ ಅನ್ವಯಿಸುವುದಿಲ್ಲ ಎಂದಾಯಿತು. ಬೀಗ ಹಾಕಿದ ಅಂಗಡಿಗಳೆಲ್ಲ ಒಂದೊಂದಾಗಿ ತೆರೆದುಕೊಂಡವು. ನಮ್ಮ ದಾನಿಗಳು ಮಾತ್ರ ಹಿಂದಕ್ಕೆ ಹೋಗಲಿಲ್ಲ, ಓಣಿಯಲ್ಲೇ ವ್ಯಾಪಾರ ಚೆನ್ನಾಗಿತ್ತು. ಕಾನೂನು ಬಂದ ದಾರಿಯಲ್ಲೇ ವಾಪಸ್ಸು ಹೋಯಿತು. ಆ ಮನೆಗೆ ಎರಡು ತುದಿಯಲ್ಲೂ ಅಂಗಡಿ ಉಳಿಯಿತು.

ಬೆಳಿಗ್ಗೆ ಹೇಗೋ ನಡೆಯುತ್ತಿತ್ತು, ತಲೆಯ ಮೇಲೆ ಬುಟ್ಟಿ ಇರುತ್ತಿತ್ತು. ಸಂಜೆಯೇ ತೊಡಕು. ಮಾರ್ಕೆಟ್ಟಿನ ಕೆಲಸ ಮುಗಿಸಿ ಅವನು ಶಾಲೆಗೆ ಬಂದು, ಹೆಂಡತಿಯ ಜೊತೆ ಮನೆಗೆ ಹೋಗುತ್ತಿದ್ದ. ಅವಳು ಪಾತ್ರೆ ತೊಳೆದು ಮುಗಿಸುವುದು ತಡವಾದ ದಿನ ಅವನೊಬ್ಬನೇ ಬರಿಗೈಯಲ್ಲಿ ಓಣಿ ದಾಟಬೇಕು. ಒಂದು ಸಂಜೆ ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು. ಸಾರಿನ ದೊಡ್ಡ ಪಾತ್ರೆಯನ್ನು ದಿನಾ ಸಂಜೆ ಅವರ ತಲೆ ಮೇಲೆ ಕಳಿಸಲಾ, ಬೆಳಿಗ್ಗೆ ನಾನೇ ವಾಪಸ್ಸು ತರ್ತೀನಿ ಎಂದಳು. ಶಾಲೆಯ ಪಾತ್ರೆ ಹೊರಗೆ ಹೋಗುವ ಹಾಗಿಲ್ಲ, ಅದು ದಾಸ್ತಾನು ಪುಸ್ತಕದಲ್ಲಿದೆ. ಒಂದು ಹಾಳೆಯನ್ನೂ ಬರೆಯದೆ ನಾನು ಒಪ್ಪಿದ್ದು ಜನ್ಮದಲ್ಲಿ ಅದೊಂದೇ.

ಸುಮಾರು ಒಂದು ವರ್ಷ ಆ ಪಾತ್ರೆ ಹೀಗೆ ಓಡಾಡಿತು. ಬಸ್ಸಿಗೆ ಹೊರಟಾಗ ನಾನು ಎಷ್ಟೋ ಸಲ ನೋಡಿದ್ದೇನೆ. ಹೊಟ್ಟೆಯ ಮೇಲೆ ನಮ್ಮ ಶಾಲೆಯ ಹೆಸರು ಬರೆದ ದೊಡ್ಡ ಅಲ್ಯೂಮಿನಿಯಂ ಪಾತ್ರೆಯನ್ನು ಮಗುಚಿ ತಲೆಯ ಮೇಲಿಟ್ಟುಕೊಂಡು, ಎರಡು ಕೈಯಲ್ಲೂ ಅಂಚು ಹಿಡಿದು, ಅವನು ಓಣಿಯಲ್ಲಿ ಬಿರಬಿರನೆ ನಡೆಯುತ್ತಿದ್ದ. ಅಂಗಡಿಯ ಮುಂದೆ ಕೂತವರು ಕೀಟಲೆ ಮಾಡುತ್ತಿದ್ದರು. ಅವನು ಎಡಕ್ಕೂ ನೋಡುತ್ತಿರಲಿಲ್ಲ, ಬಲಕ್ಕೂ ನೋಡುತ್ತಿರಲಿಲ್ಲ.

ಮಳೆಗಾಲದ ಒಂದು ಬೆಳಿಗ್ಗೆ ನಾನು ಶಾಲೆಗೆ ಬಂದಾಗ ಅಡುಗೆ ಕೋಣೆಗೆ ಬೀಗ. ಅವಳು ಯಾವತ್ತೂ ನನಗಿಂತ ಮೊದಲು ಬರುವವಳು. ಓಣಿಗೆ ಹೋದೆ. ಅಂಗಡಿ ಇನ್ನೂ ತೆರೆದಿರಲಿಲ್ಲ. ಅದರ ಮೆಟ್ಟಿಲಿನ ಪಕ್ಕದಲ್ಲಿ, ದಾರಿಗೆ ಅಡ್ಡವಾಗದಂತೆ, ನಮ್ಮ ಪಾತ್ರೆ ಮಗುಚಿ ಇತ್ತು. ಎಸೆದದ್ದಲ್ಲ, ಬಿದ್ದದ್ದಲ್ಲ. ಜೋಪಾನವಾಗಿ ಇಳಿಸಿ ಇಟ್ಟದ್ದು. ಶಾಲೆಯ ಹೆಸರು ರಸ್ತೆಯ ಕಡೆಗಿತ್ತು. ನಾನು ಆ ಪಾತ್ರೆಯನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು ಅದೇ ಓಣಿಯಲ್ಲಿ ನಡೆದು, ಮೂಲೆ ಸುತ್ತಿ, ಮುಂದಿನ ಗೇಟಿನಿಂದ ಒಳಗೆ ತಂದೆ. ಮೂಲೆಗೆ ಬರುವಷ್ಟರಲ್ಲೇ ನನಗೆ ಉಸಿರು ಕಟ್ಟಿತ್ತು.

ಅದಾದ ಮೇಲೆ ಅವನು ಕುಡಿಯುವುದನ್ನು ನಿಲ್ಲಿಸಲಿಲ್ಲ. ಅವಳು ಇನ್ನೊಂದು ಶಿಬಿರಕ್ಕೆ ಕರೆದುಕೊಂಡು ಹೋದಳು, ಅಲ್ಲಿಂದ ಓಡಿಬಂದ. ಮುಂದಿನ ವರ್ಷ ಶಿವಮೊಗ್ಗದ ಆಸ್ಪತ್ರೆಯಲ್ಲಿ ಹೊಟ್ಟೆ ಊದಿಕೊಂಡು ಮಲಗಿದ್ದವನನ್ನು ನಾನು ನೋಡಲು ಹೋದಾಗ, ನನ್ನನ್ನು ಗುರುತು ಹಿಡಿದು ಪಾತ್ರೆ ಸಿಕ್ತಾ ಮೇಡಂ ಎಂದು ಕೇಳಿದ. ಸಿಕ್ತು ಮಾರಾಯ, ನೀನು ಅದರ ಚಿಂತೆ ಬಿಡು ಎಂದೆ. ಅದೇ ವಾರ ತೀರಿಕೊಂಡ.

ಸಣ್ಣ ಗೇಟು ಮತ್ತೆ ತೆರೆಯಲು ಅನುಮತಿಯ ಪತ್ರ ಬಂದದ್ದು ನನ್ನ ನಿವೃತ್ತಿಗೆ ಎರಡು ತಿಂಗಳು ಇರುವಾಗ. ನಾನು ಬರೆದ ಅರ್ಜಿಯ ದಿನಾಂಕವನ್ನೂ ಸಂಖ್ಯೆಯನ್ನೂ ಉಲ್ಲೇಖಿಸಿ, ಸದರಿ ಗೇಟನ್ನು ತೆರೆಯಲು ಅಭ್ಯಂತರವಿಲ್ಲ ಎಂದು ಬರೆದಿದ್ದರು. ಆ ಹಾಳೆ ಹಿಡಿದುಕೊಂಡೇ ಅಡುಗೆ ಕೋಣೆಗೆ ಹೋದೆ. ಅವಳು ಒಬ್ಬಳೇ ಬೇಳೆ ತೊಳೆಯುತ್ತಿದ್ದಳು. ತರಕಾರಿಯ ಬುಟ್ಟಿಯನ್ನು ಈಗ ಅವಳೇ ಹೊತ್ತು ತರುತ್ತಿದ್ದಳು. ಅನುಮತಿ ಬಂದಿದೆ, ನಾಳೆಯೇ ಆ ಗೋಡೆ ಒಡೆಸ್ತೀನಿ, ನಿಮಗೆ ಬರೋದು ಹೋಗೋದು ಹತ್ತಿರ ಆಗುತ್ತೆ ಎಂದೆ. ನಾನು ಹೇಳಬೇಕಾದದ್ದು ಅದಲ್ಲ. ತಪ್ಪಾಯಿತು ಎಂದು ಹೇಳಬೇಕಿತ್ತು.

ಅವಳು ಕೈ ನಿಲ್ಲಿಸಲಿಲ್ಲ. ಬೇಳೆಯ ನೀರು ಬಸಿದು ಇನ್ನೊಂದು ನೀರು ಹಾಕಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಈಗ ಯಾಕೆ ಬಿಡಿ ಮೇಡಂ. ಎರಡು ಹೆಜ್ಜೆ ತಾನೇ. ನಾನು ಸುತ್ಕೊಂಡೇ ಬರ್ತೀನಿ."